ಆಟಕ್ಕುಂಟು, ಲೆಕ್ಕಕ್ಕಿಲ್ಲ

‘ಗಣ್ಯ’ ಎಂಬ ಪದ ಕನ್ನಡದಲ್ಲಿ ಹೆಚ್ಚಾಗಿ ಬಹುವಚನದಲ್ಲೇ ಬದುಕುತ್ತದೆ. ‘ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ’ ಎಂದು ನಿರೂಪಕರು ಶುರುಮಾಡುತ್ತಾರೆ. ಮರುದಿನದ ಪತ್ರಿಕೆಯಲ್ಲಿ ಹಲವು ಗಣ್ಯರು ಪಾಲ್ಗೊಂಡಿರುತ್ತಾರೆ. ಯಾರಾದರೂ ತೀರಿಕೊಂಡರೆ ಗಣ್ಯರ ಸಂತಾಪ. ಬರೀ ಗಣ್ಯರು ಸಾಲದೆ ಬಂದಾಗ ಅತಿಗಣ್ಯರು ಹುಟ್ಟಿಕೊಂಡರು. ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ನಿಂತು ಬೆವರುವವರಿಗೆ ಅವರ ಪರಿಚಯ ಚೆನ್ನಾಗಿಯೇ ಇದೆ. ಅದೂ ಸಾಲದಾದಾಗ ಗಣ್ಯಾತಿಗಣ್ಯರು. ಇಷ್ಟೆಲ್ಲ ಹಾರ ತುರಾಯಿ ಹಾಕಿಸಿಕೊಂಡ ಈ ಪದದ ಮೂಲ ಮಾತ್ರ ಬಹಳ ಸಾದಾ. ಸಂಸ್ಕೃತದ ಗಣ್ ಧಾತು, ಅಂದರೆ ಎಣಿಸು. ಗಣ್ಯ ಎಂದರೆ ಎಣಿಸತಕ್ಕದ್ದು, ಲೆಕ್ಕಕ್ಕೆ ಹಿಡಿಯಬೇಕಾದದ್ದು. ಗಣಿತ, ಜನಗಣತಿ, ಪರಿಗಣನೆ, ಗಣಕಯಂತ್ರ ಎಲ್ಲವೂ ಇದರ ದಾಯಾದಿಗಳೇ. ತಮಾಷೆಯೆಂದರೆ ಎದುರುಪದ ಎರಡು ಕಡೆಗೂ ವಾಲುತ್ತದೆ: ‘ಅಗಣ್ಯ’ ಎಂದರೆ ಎಣಿಸಲಾಗದಷ್ಟು ಹೆಚ್ಚು ಎಂದೂ ಆಗುತ್ತದೆ, ಎಣಿಸಬೇಕಾದ್ದೇ ಇಲ್ಲ ಎಂದೂ ಆಗುತ್ತದೆ. ಈ ಗೊಂದಲ ತಪ್ಪಿಸಲೆಂದೋ ಏನೋ, ನಾವು ಕ್ಷುಲ್ಲಕವಾದುದಕ್ಕೆ ‘ನಗಣ್ಯ’ವನ್ನು ಬಳಸುತ್ತೇವೆ.

ವಿಕಿಪೀಡಿಯದಲ್ಲಿ ‘ನೋಟಬಿಲಿಟಿ’ ಎಂಬ ಮಾತಿದೆ. ಒಬ್ಬರ ಮೇಲೆ ಲೇಖನ ಇರಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವ ಮಾತು. ‘ಗಮನಾರ್ಹತೆ’ ಎಂದು ಕನ್ನಡಿಸಬಹುದು, ತಪ್ಪಿಲ್ಲ. ಆದರೆ ಅಲ್ಲಿ ನಡೆಯುವ ಕೆಲಸವನ್ನು ನೋಡಿದರೆ ನನಗೆ ‘ಗಣ್ಯತೆ’ಯೇ ಸರಿಯೆನಿಸುತ್ತದೆ, ಏಕೆಂದರೆ ಅಲ್ಲಿ ನಿಜವಾಗಿಯೂ ಎಣಿಸುತ್ತಾರೆ. ಎಣಿಸುವುದು ಸಾಧನೆಗಳನ್ನಲ್ಲ, ಬರಹಗಳನ್ನು. ಆ ವ್ಯಕ್ತಿಗೆ ಸಂಬಂಧವಿಲ್ಲದವರು, ನಂಬಬಹುದಾದ ಕಡೆ, ತಕ್ಕಷ್ಟು ವಿವರವಾಗಿ ಏನಾದರೂ ಬರೆದಿದ್ದಾರೆಯೇ? ಇಷ್ಟೇ ಪ್ರಶ್ನೆ. ತನ್ನ ಜಾಲತಾಣ, ತನ್ನ ಸಂಸ್ಥೆಯ ಪ್ರಕಟಣೆ, ಶಿಷ್ಯರು ತಂದ ಅಭಿನಂದನ ಗ್ರಂಥ ಲೆಕ್ಕಕ್ಕಿಲ್ಲ. ಪಟ್ಟಿಯಲ್ಲಿ ಬಂದ ಬರೀ ಹೆಸರೂ ಇಲ್ಲ. ಅನುಮಾನ ಬಂದರೆ ಯಾರು ಬೇಕಾದರೂ ಲೇಖನವನ್ನು ಅಳಿಸುವ ಚರ್ಚೆಗೆ ಹಾಕಬಹುದು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಆ ಚರ್ಚೆ ಸಾಮಾನ್ಯವಾಗಿ ಏಳು ದಿನ ನಡೆಯುತ್ತದೆ. ಉಳಿಸಿ, ಅಳಿಸಿ ಎಂದು ಜನ ಬರೆಯುತ್ತಾ ಹೋಗುತ್ತಾರೆ. ಇದು ಮತದಾನವಲ್ಲ, ವಾದದ ತೂಕ ಮುಖ್ಯ ಎಂಬುದು ನಿಯಮ. ಆದರೂ ಕೈಗಳನ್ನು ಎಣಿಸುವ ಚಟ ಮನುಷ್ಯರಿಗೆ ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಜಗಳಕ್ಕೆ ಮೂಲ ಇಲ್ಲೇ ಇದೆ. ನಿಯಮ ಬರೆದವರ ಅರ್ಥದಲ್ಲಿ ‘ಗಣ್ಯರಲ್ಲ’ ಎಂದರೆ ‘ಇವರ ಬಗ್ಗೆ ಬೇರೆಯವರು ಬರೆದದ್ದು ನಮಗೆ ಸಿಗಲಿಲ್ಲ’ ಎಂದಷ್ಟೇ. ಕೇಳಿಸಿಕೊಂಡವರಿಗೆ ಅದು ‘ನೀವು ಯಾವ ಲೆಕ್ಕ’ ಎಂದು ಕೇಳಿಸುತ್ತದೆ. ಮದುವೆಮನೆಯಲ್ಲಿ ತನ್ನನ್ನು ಗಣನೆಗೇ ತೆಗೆದುಕೊಳ್ಳಲಿಲ್ಲವೆಂದು ಮುನಿಸಿಕೊಂಡು ಊಟ ಬಿಟ್ಟು ಹೋದ ಸೋದರಮಾವನ ಕಥೆ ನಮ್ಮ ಎಲ್ಲ ಮನೆಗಳಲ್ಲೂ ಇದೆ. ಲೇಖನ ಅಳಿಸಿಹೋದವರ ಸಿಟ್ಟು ಅದೇ ಜಾತಿಯದು. ಮುನಿಸಿಗೆ ಕಾರಣವಿಲ್ಲ ಎಂದು ಹೇಳುವ ಹಾಗೂ ಇಲ್ಲ.

ಡೋನಾ ಸ್ಟ್ರಿಕ್‌ಲ್ಯಾಂಡ್ ಅವರದನ್ನೇ ನೋಡಿ. 1985ರಲ್ಲಿ, ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದಾಗ, ಗುರು ಜೆರಾರ್ಡ್ ಮುರು ಜೊತೆ ಒಂದು ಪ್ರಬಂಧ ಪ್ರಕಟಿಸಿದರು. ಲೇಸರ್ ಮಿಡಿತವನ್ನು ಮೊದಲು ಹಿಗ್ಗಿಸಿ, ಹಿಗ್ಗಿದ ಸ್ಥಿತಿಯಲ್ಲಿ ಶಕ್ತಿ ಏರಿಸಿ, ಮತ್ತೆ ಕುಗ್ಗಿಸಿದರೆ ಉಪಕರಣ ಸುಟ್ಟುಹೋಗದೆ ಅಪಾರ ತೀವ್ರತೆಯ ಬೆಳಕು ಸಿಗುತ್ತದೆ ಎಂಬುದು ಅದರ ತಿರುಳು. ಇವತ್ತಿನ ಕಣ್ಣಿನ ಲೇಸರ್ ಶಸ್ತ್ರಚಿಕಿತ್ಸೆಯವರೆಗೆ ಅದರ ಕೈ ಚಾಚಿದೆ. 2018ರ ಮೇ ತಿಂಗಳಲ್ಲಿ ಯಾರೋ ಅವರ ಬಗ್ಗೆ ಬರೆದ ಕರಡನ್ನು ವಿಕಿಪೀಡಿಯದ ಪರಿಶೀಲಕರೊಬ್ಬರು ಹಿಂದಿರುಗಿಸಿದರು: ಕೊಟ್ಟ ಉಲ್ಲೇಖಗಳು ಲೇಖನಕ್ಕೆ ಬೇಕಾದ ಅರ್ಹತೆಯನ್ನು ತೋರಿಸುತ್ತಿಲ್ಲ. ಅದೇ ವರ್ಷ ಅಕ್ಟೋಬರ್ 2ರಂದು ಸ್ಟ್ರಿಕ್‌ಲ್ಯಾಂಡ್ ಅವರಿಗೆ ಭೌತವಿಜ್ಞಾನದ ನೊಬೆಲ್ ಬಂತು. ಮೇರಿ ಕ್ಯೂರಿ, ಮರಿಯಾ ಗೆಪರ್ಟ್ ಮೇಯರ್ ನಂತರ ಆ ಬಹುಮಾನ ಪಡೆದ ಮೂರನೆಯ ಹೆಂಗಸು. ಕೆಲವೇ ಗಂಟೆಗಳಲ್ಲಿ ಲೇಖನ ಸಿದ್ಧವಾಯಿತು. ಬಹುಮಾನ ಹಂಚಿಕೊಂಡ ಗುರುವಿನ ಮೇಲೆ ಲೇಖನ ಮೊದಲಿಂದಲೂ ಇತ್ತು.

ಮಕ್ಕಳ ಆಟದಲ್ಲಿ ಚಿಕ್ಕವರನ್ನು ಅಳಿಸಬಾರದೆಂದು ಸೇರಿಸಿಕೊಂಡು ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎನ್ನುತ್ತೇವಲ್ಲ, ಮೂವತ್ತಮೂರು ವರ್ಷ ಆಕೆ ಇದ್ದದ್ದು ಆ ಜಾಗದಲ್ಲಿ. ನೊಬೆಲ್ ಬಂದಾಗ, ತಾವು ಕಲಿಸುತ್ತಿದ್ದ ವಿಶ್ವವಿದ್ಯಾಲಯದಲ್ಲೂ ಅವರು ಸಹ ಪ್ರಾಧ್ಯಾಪಕಿ. ಪೂರ್ಣ ಪ್ರಾಧ್ಯಾಪಕಿ ಏಕಾಗಲಿಲ್ಲ ಎಂದು ಕೇಳಿದವರಿಗೆ, ನಾನು ಅರ್ಜಿಯನ್ನೇ ಹಾಕಲಿಲ್ಲ ಎಂದರಂತೆ. ವಿಕಿಪೀಡಿಯದ ಪರವಾಗಿ ಮಾತಾಡಿದವರು, ಜಗತ್ತಿನ ಪಕ್ಷಪಾತ ನಮ್ಮಲ್ಲಿ ಪ್ರತಿಬಿಂಬಿಸುತ್ತದೆ, ಪತ್ರಿಕೆಗಳೇ ಬರೆಯದಿದ್ದರೆ ನಾವು ಎಲ್ಲಿಂದ ತರೋಣ ಎಂದರು. ಅರ್ಧ ನಿಜ. ಇನ್ನರ್ಧ ಏನೆಂದರೆ, ವಿದ್ವಾಂಸರ ಬಗ್ಗೆ ಪತ್ರಿಕೆಗಳು ಬರೆಯುವುದಿಲ್ಲವೆಂದು ಗೊತ್ತಿದ್ದೇ ವಿಕಿಪೀಡಿಯ ಅವರಿಗೊಂದು ಬೇರೆ ಅಳತೆಗೋಲು ಇಟ್ಟಿತ್ತು. ದೊಡ್ಡ ವಿದ್ವತ್ ಸಂಘದ ಅತ್ಯುನ್ನತ ಹುದ್ದೆಯಲ್ಲಿದ್ದರೆ ಸಾಕು ಎಂಬುದು ಅದರಲ್ಲಿ ಒಂದು. ಸ್ಟ್ರಿಕ್‌ಲ್ಯಾಂಡ್ 2013ರಲ್ಲೇ ಆಪ್ಟಿಕಲ್ ಸೊಸೈಟಿಯ ಅಧ್ಯಕ್ಷೆಯಾಗಿದ್ದವರು. ಅಂದರೆ ಕೋಲು ಇತ್ತು, ಅಳೆಯುವವರು ಅದನ್ನು ಕೈಗೆತ್ತಿಕೊಳ್ಳಲಿಲ್ಲ.

ಇದಕ್ಕೆ ತದ್ವಿರುದ್ಧವಾದ ‘ಲೆಕ್ಕಕ್ಕುಂಟು, ಆಟಕ್ಕಿಲ್ಲ’ ಕೂಡ ಅಲ್ಲಿ ವರ್ಷಗಟ್ಟಲೆ ನಡೆಯಿತು. ಒಂದೇ ಒಂದು ಪ್ರಥಮ ದರ್ಜೆ ಪಂದ್ಯ ಆಡಿದ ಕ್ರಿಕೆಟಿಗ ಗಣ್ಯನೆಂದೇ ಭಾವಿಸಬೇಕು ಎಂಬ ರೂಢಿಯಿತ್ತು. ಒಂದು ರಣಜಿ ಪಂದ್ಯದಲ್ಲಿ ಸೊನ್ನೆಗೆ ಔಟಾಗಿ ಮನೆಗೆ ಹೋದವರಿಗೂ ಪುಟ ಸಿದ್ಧ, ಏಕೆಂದರೆ ಸ್ಕೋರ್‌ಕಾರ್ಡು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಆಡಿದ ಮಾತ್ರಕ್ಕೆ ಗಣ್ಯತೆ ಎಂಬ ಆ ಸವಲತ್ತನ್ನು ತೆಗೆದುಹಾಕಿದ್ದು 2022ರಲ್ಲಿ, ಅದೂ ದೊಡ್ಡ ವಾದವಿವಾದದ ನಂತರ. ಎಲ್ಲಿ ದಾಖಲೆ ಇಡುವ ಅಭ್ಯಾಸ ಇದೆಯೋ ಅಲ್ಲಿ ಗಣ್ಯರು ಹುಟ್ಟುತ್ತಾರೆ. ಕ್ರಿಕೆಟಿಗೆ ಸ್ಕೋರರ್ ಇದ್ದಾನೆ, ಪ್ರಯೋಗಾಲಯಕ್ಕಿಲ್ಲ.

ಪ್ರಯೋಗಾಲಯದ ಮಾತು ಬಂದಾಗ ಕ್ಲಾರಿಸ್ ಫೆಲ್ಪ್ಸ್ ಹೆಸರು ಹೇಳದಿರಲಾಗದು. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯದ ಈ ಆಫ್ರಿಕನ್ ಅಮೆರಿಕನ್ ರಸಾಯನವಿಜ್ಞಾನಿ, 117ನೆಯ ಧಾತು ಟೆನ್ನೆಸೀನ್ ಸೃಷ್ಟಿಸಲು ಬೇಕಾದ ಬರ್ಕೀಲಿಯಂ ಅನ್ನು ಶುದ್ಧೀಕರಿಸಿದ ತಂಡದಲ್ಲಿದ್ದರು. ಲಂಡನ್ನಿನ ಭೌತವಿಜ್ಞಾನಿ ಜೆಸ್ ವೇಡ್ 2018ರಲ್ಲಿ ಅವರ ಮೇಲೆ ಲೇಖನ ಬರೆದರು. ವಿಜ್ಞಾನಿಗಳಾದ ಹೆಂಗಸರ ಬಗ್ಗೆ ಹೀಗೆ ಸಾವಿರಕ್ಕೂ ಹೆಚ್ಚು ಲೇಖನ ಬರೆದ ಛಲಗಾತಿ ಈಕೆ. 2019ರ ಫೆಬ್ರುವರಿಯಲ್ಲಿ ಲೇಖನ ಅಳಿಸಿಹೋಯಿತು: ಸ್ವತಂತ್ರ ಮೂಲಗಳು ಸಾಲವು. ಆಮೇಲೆ ಅಳಿಸಿದ್ದೇ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಜಟಾಪಟಿ ಮುಂದುವರಿದು, 2020ರ ಆರಂಭದಲ್ಲಿ ಲೇಖನ ಮರಳಿ ಬಂತು. ಗಣ್ಯರಲ್ಲ ಎಂದು ಹೇಳಿಸಿಕೊಂಡದ್ದೂ ಗಣ್ಯತೆಯ ಕಡೆಗೆ ಒಂದು ಮೆಟ್ಟಿಲಾಗಬಹುದು! ‘ವಿಮೆನ್ ಇನ್ ರೆಡ್’ ಎಂಬ ಬಳಗ 2015ರಲ್ಲಿ ಹುಟ್ಟಿದಾಗ ಇಂಗ್ಲಿಷ್ ವಿಕಿಪೀಡಿಯದ ಜೀವನಚಿತ್ರಗಳಲ್ಲಿ ಹೆಂಗಸರದು ಶೇ 15ರ ಆಸುಪಾಸು. ಈಗ ಶೇ 20ರ ಸಮೀಪ. ಲೇಖನವಿಲ್ಲದ ಹೆಸರು ಅಲ್ಲಿ ಕೆಂಪಕ್ಷರದಲ್ಲಿ ಕಾಣುತ್ತದೆ, ಬಳಗದ ಹೆಸರು ಬಂದದ್ದು ಅದರಿಂದ.

ಹಾಗಾದರೆ ಗಣ್ಯತೆಯ ಈ ಬೇಲಿಯನ್ನೇ ಕಿತ್ತುಹಾಕಬಹುದಲ್ಲ ಎಂದರೆ ನಾನು ಒಪ್ಪುವುದಿಲ್ಲ. 2015ರಲ್ಲಿ ಒಂದು ಜಾಲ ಸಿಕ್ಕಿಬಿತ್ತು. 381 ಖಾತೆಗಳನ್ನು ಒಟ್ಟಿಗೆ ನಿರ್ಬಂಧಿಸಿದರು. ಕರಡು ತಿರಸ್ಕೃತವಾದವರನ್ನು ಹುಡುಕಿ, ಹಣ ಕೊಟ್ಟರೆ ಹಾಕಿಸುತ್ತೇವೆ, ಆಮೇಲೆ ತಿಂಗಳು ತಿಂಗಳು ಕೊಟ್ಟರೆ ಕಾಯುತ್ತೇವೆ ಎನ್ನುವ ವಸೂಲಿ ಅದು. ಬೇಲಿ ಇದ್ದಾಗಲೇ ಹೀಗೆ. ಇಲ್ಲದಿದ್ದರೆ ನಮ್ಮ ಆಹ್ವಾನಪತ್ರಿಕೆಗಳ ಗಣ್ಯರ ಪಟ್ಟಿಯಷ್ಟೂ ಅಲ್ಲಿ ಬಂದು ಕೂರುತ್ತಿತ್ತು, ಭಾವಚಿತ್ರ ಸಮೇತ.

ಯಾರನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬ ಈ ತಕರಾರು ಕನ್ನಡಕ್ಕೆ ಹೊಸತಲ್ಲ. ಸುಮಾರು ಕ್ರಿ.ಶ. 850ರ ‘ಕವಿರಾಜಮಾರ್ಗ’ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂದು ಗದ್ಯಕಾರರ ಹೆಸರು ಹೇಳಿ ಮುಂದೆ ಹೋಗುತ್ತದೆ. ಅವರ ಕನ್ನಡ ಗದ್ಯ ನಮಗೆ ಉಳಿದು ಬಂದಿಲ್ಲ. ವಿಕಿಪೀಡಿಯದ ಪರಿಭಾಷೆಯಲ್ಲಿ ಇದು ‘ಬರೀ ಹೆಸರಿನ ಪ್ರಸ್ತಾಪ’, ಸಾಲದು. ಆದರೆ 1907ರಿಂದ 1929ರವರೆಗೆ ಮೂರು ಸಂಪುಟಗಳಲ್ಲಿ ‘ಕರ್ನಾಟಕ ಕವಿಚರಿತೆ’ ಬರೆದ ಆರ್. ನರಸಿಂಹಾಚಾರ್ಯರಂಥವರು ಇಂಥ ಒಂದೊಂದು ಹೆಸರಿನ ಹಿಂದೆಯೂ ಬಿದ್ದರು. ದುರ್ವಿನೀತ ಗಂಗರ ಅರಸನೇ ಇರಬೇಕೆಂದು ವಿದ್ವಾಂಸರು ಪುಟಗಟ್ಟಲೆ ಚರ್ಚಿಸಿದರು. ಇವತ್ತು ಯಾರೂ ಅವನ ಪುಟವನ್ನು ಅಳಿಸಲಾರರು.

ಆ ಅದೃಷ್ಟ ಮೇಳದ ಭಾಗವತರಿಗೆ, ಸೂಲಗಿತ್ತಿಯರಿಗೆ, ಕಥೆ ಹೇಳುವ ಹೆಲವರಿಗೆ ಇಲ್ಲ. ಅವರ ಬಗ್ಗೆ ತಿಳಿದಿರುವುದೆಲ್ಲ ಬಾಯಿಂದ ಬಾಯಿಗೆ. ಬೆಂಗಳೂರಿನ ಅಚಲ್ ಪ್ರಭಲಾ 2011ರಲ್ಲಿ, ಮಾತಿನ ಧ್ವನಿಮುದ್ರಣವನ್ನೇ ಆಧಾರವೆಂದು ಒಪ್ಪಬಾರದೇಕೆ ಎಂದು ಕೇಳಿ ಮಲಯಾಳಂ, ಹಿಂದಿ ಮತ್ತು ದಕ್ಷಿಣ ಆಫ್ರಿಕದ ಸೆಪೆಡಿ ಭಾಷೆಗಳಲ್ಲಿ ಒಂದು ಪ್ರಯೋಗ ನಡೆಸಿದರು, ಅದರ ಮೇಲೆ ಚಿತ್ರವನ್ನೂ ಮಾಡಿದರು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಅದು ನಿಯಮವಾಗಲಿಲ್ಲ. ಮುದ್ರಿತ ಕನ್ನಡದ ವಿಷಯದಲ್ಲಿ ಮಾತ್ರ ಬಾಗಿಲು ತೆರೆದೇ ಇದೆ. ಆಧಾರ ಇಂಗ್ಲಿಷಿನಲ್ಲಿರಬೇಕು, ಅಂತರ್ಜಾಲದಲ್ಲಿರಬೇಕು ಎಂದು ನಿಯಮ ಎಲ್ಲೂ ಹೇಳುವುದಿಲ್ಲ. ಐವತ್ತು ವರ್ಷ ಹಳೆಯ ವಾರಪತ್ರಿಕೆಯಲ್ಲಿ ಮದ್ದಳೆಗಾರರೊಬ್ಬರ ಮೇಲೆ ಬಂದ ಲೇಖನವಿದ್ದರೆ ಪತ್ರಿಕೆಯ ಹೆಸರು, ತಾರೀಖು, ಪುಟಸಂಖ್ಯೆ ಕೊಟ್ಟರಾಯಿತು. ಲಿಂಕ್ ಎಲ್ಲಿ ಎಂದು ಯಾರಾದರೂ ಕೇಳಿದರೆ, ಅದು ಬೇಕಿಲ್ಲವೆಂಬ ನಿಯಮವನ್ನು ಅವರಿಗೇ ತೋರಿಸಿ.