ಹಳೇ ಕೀಮೋ ಔಷಧಿಗೆ ಮಿದುಳಿನ ಬಾಗಿಲು ತೆರೆಸುವ ಅಲ್ಟ್ರಾಸೌಂಡ್

ಔಷಧಿ ರಕ್ತಕ್ಕೆ ಸೇರಿದರೆ ದೇಹದ ಎಲ್ಲ ಭಾಗಕ್ಕೂ ತಲುಪುತ್ತೆ ಅಂದುಕೊಂಡಿರುತ್ತೇವೆ. ಮಿದುಳಿನ ಮಟ್ಟಿಗೆ ಇದು ಸುಳ್ಳು. ಅಲ್ಲಿನ ಸಣ್ಣ ರಕ್ತನಾಳಗಳ ಒಳಗೋಡೆಯ ಜೀವಕೋಶಗಳು ಸಂದೇ ಇಲ್ಲದಂತೆ ಬೆಸೆದುಕೊಂಡಿವೆ. ವಿಷ, ಸೋಂಕುಗಳಿಂದ ಮಿದುಳನ್ನು ಕಾಯುವ ಈ ರಕ್ತ-ಮಿದುಳು ತಡೆಗೋಡೆ ಬಹುಪಾಲು ಔಷಧಿಗಳನ್ನೂ ಹೊರಗೇ ನಿಲ್ಲಿಸುತ್ತದೆ. ಗ್ಲಿಯೊಬ್ಲಾಸ್ಟೋಮಾ ಎಂಬ ಮಿದುಳಿನ ಕ್ಯಾನ್ಸರ್‌ನಲ್ಲಿ ಗಡ್ಡೆ ತೆಗೆದ ಮೇಲೂ ಸುತ್ತಲಿನ ಭಾಗದಲ್ಲಿ ಉಳಿಯುವ ಕ್ಯಾನ್ಸರ್ ಕೋಶಗಳಿಗೆ ಈ ಗೋಡೆಯೇ ರಕ್ಷಣೆ. ಡೋಸ್ ಏರಿಸೋಣ ಅಂದರೆ ಪೆಟ್ಟು ಬೀಳೋದು ಮೂಳೆಮಜ್ಜೆಗೆ.

ಅಲ್ಟ್ರಾಸೌಂಡ್ ಅಂದ ತಕ್ಷಣ ನಮಗೆ ನೆನಪಾಗೋದು ಬಸುರಿಯರ ಸ್ಕ್ಯಾನಿಂಗ್, ಜೊತೆಗೆ ‘ಭ್ರೂಣಲಿಂಗ ಪತ್ತೆ ಅಪರಾಧ’ ಎನ್ನುವ ಬೋರ್ಡು. ಇಲ್ಲೂ ಬಳಸೋದು ಅದೇ ಬಗೆಯ ಅಲೆಗಳನ್ನೇ, ಆದರೆ ಒಂದು ಜಾಗಕ್ಕೆ ಗುರಿಯಿಟ್ಟು. ಮೊದಲು ರಕ್ತನಾಳಕ್ಕೆ ಅನಿಲ ತುಂಬಿದ ಅತಿ ಸಣ್ಣ ಗುಳ್ಳೆಗಳನ್ನು ಚುಚ್ಚುತ್ತಾರೆ. ಇವು ಹೊಸವಲ್ಲ, ಸ್ಕ್ಯಾನ್‌ನಲ್ಲಿ ಚಿತ್ರ ಸ್ಪಷ್ಟವಾಗಲಿ ಅಂತ ಮೊದಲಿಂದಲೂ ಬಳಸುವಂಥವು. ಗುರಿಯಿಟ್ಟ ಜಾಗದಲ್ಲಿ ಅಲೆಯ ಒತ್ತಡ ಏರಿಳಿದ ಹಾಗೆ ಗುಳ್ಳೆಗಳು ಹಿಗ್ಗಿ ಕುಗ್ಗುತ್ತವೆ, ನಾಳದ ಗೋಡೆಯನ್ನು ಒಳಗಿಂದ ತಳ್ಳುತ್ತವೆ, ಬೆಸುಗೆ ಸ್ವಲ್ಪ ಹೊತ್ತು ಸಡಿಲವಾಗುತ್ತದೆ. ಗುಳ್ಳೆಗಳಿಂದಾಗಿ ಕಡಿಮೆ ಶಕ್ತಿಯ ಅಲೆಯೇ ಸಾಕು. ಶಕ್ತಿ ಮಿತಿಮೀರಿದರೆ ಗುಳ್ಳೆ ಸಿಡಿದು ರಕ್ತಸ್ರಾವ ಆಗಬಹುದು. ನಿಜವಾದ ಎಂಜಿನಿಯರಿಂಗ್ ಇರೋದು ಈ ಹದದಲ್ಲೇ. ಕುಲ್ಲೆರ್ವೊ ಹೈನಿನೆನ್ ತಂಡ 2001ರಲ್ಲಿ ಮೊಲಗಳಲ್ಲಿ ಇದನ್ನು ತೋರಿಸಿತ್ತು.

ಇನ್ನೊಂದು ತೊಡಕು ತಲೆಬುರುಡೆ. ಮೂಳೆ ಅಲೆಯನ್ನು ಹೀರುತ್ತದೆ, ದಿಕ್ಕನ್ನೂ ಕೆಡಿಸುತ್ತದೆ. 2015ರಲ್ಲಿ ಟೊರೊಂಟೊದ ಸನ್ನಿಬ್ರೂಕ್‌ನಲ್ಲಿ ಹೆಲ್ಮೆಟ್‌ನಂಥ ಸಾಧನದಿಂದ, ಎಂಆರ್‌ಐ ನೋಡಿಕೊಂಡು, ಬುರುಡೆ ಕೊರೆಯದೆಯೇ ಮನುಷ್ಯರಲ್ಲಿ ಮೊದಲ ಸಲ ಗೋಡೆ ತೆರೆದರು. ಪ್ಯಾರಿಸ್‌ನ ಕಾರ್ಥೆರಾ ಕಂಪನಿಯದು ಬೇರೆ ದಾರಿ: ಶಸ್ತ್ರಚಿಕಿತ್ಸೆ ವೇಳೆ ಬುರುಡೆಯ ಸ್ವಲ್ಪ ಭಾಗ ತೆಗೆದು ಅಲ್ಲಿ ಅಲ್ಟ್ರಾಸೌಂಡ್ ಸಾಧನವನ್ನೇ ಕೂರಿಸೋದು.

ಈ ಎರಡನೇ ದಾರಿಯಲ್ಲಿ ಷಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ವೈದ್ಯರು ಗ್ಲಿಯೊಬ್ಲಾಸ್ಟೋಮಾ ಮರುಕಳಿಸಿದ 17 ಮಂದಿಗೆ ಕೀಮೋ ಕೊಟ್ಟು 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ರೋಗಿ ಎಚ್ಚರವಾಗಿರುವಾಗಲೇ, ಪ್ರತಿ ಸಲ ಕೆಲವೇ ನಿಮಿಷದ ಕೆಲಸ. ಮಿದುಳಿನಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಪ್ರಮಾಣ ಸುಮಾರು 3.7 ಪಟ್ಟು ಏರಿತ್ತು, ಕಾರ್ಬೋಪ್ಲಾಟಿನ್ 5.9 ಪಟ್ಟು. ಒಂದು ಗಂಟೆಯೊಳಗೆ ಗೋಡೆ ಬಹುತೇಕ ಮುಚ್ಚಿಕೊಳ್ಳುತ್ತಿತ್ತು.

ನನ್ನ ಕಣ್ಣು ಹೋಗಿದ್ದು ಔಷಧಿಗಳ ಹೆಸರಿನ ಮೇಲೆ. ಕಾರ್ಬೋಪ್ಲಾಟಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1989ರಲ್ಲಿ. ಪೇಟೆಂಟ್ ಯಾವಾಗಲೋ ಮುಗಿದಿದೆ, ಭಾರತದ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಇದೆ.

ಇದಕ್ಕೆ ಎದುರಾಗಿ ಇನ್ನೊಂದು ಸುದ್ದಿ ನೋಡಿ. 2024ರ ಜನವರಿಯಲ್ಲಿ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದವರು ಆಲ್ಝೈಮರ್ ಇರುವ ಮೂವರಿಗೆ ಅಡುಕಾನುಮ್ಯಾಬ್ ಜೊತೆ ಅಲ್ಟ್ರಾಸೌಂಡ್ ಕೊಟ್ಟ ವರದಿ ಬಂತು. ಅಲೆ ಬಿದ್ದ ಭಾಗದಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನ್, ಅಲೆ ಬೀಳದ ಭಾಗಕ್ಕಿಂತ ಸರಾಸರಿ 32% ಹೆಚ್ಚು ಇಳಿದಿತ್ತು. ಅದೇ ತಿಂಗಳ ಕೊನೆಗೆ ಬಯೋಜೆನ್ ಆ ಔಷಧಿಯನ್ನೇ ಕೈಬಿಡುವುದಾಗಿ ಹೇಳಿತು. ಮಾರುಕಟ್ಟೆಗೆ ಬಂದಾಗ ಅದರ ಬೆಲೆ ವರ್ಷಕ್ಕೆ 56,000 ಡಾಲರ್. ನೆನಪಿನ ಶಕ್ತಿಗೆ ಅದರಿಂದ ಪ್ರಯೋಜನ ಇದೆಯೇ ಅನ್ನೋ ಜಗಳವೇ ಮುಗಿದಿರಲಿಲ್ಲ.

ಹಾಗಂತ ಹಳೇ ಔಷಧಿಯ ಕಡೆ ಎಲ್ಲ ಗೆದ್ದಂತೆ ಅಂತಲ್ಲ. ಷಿಕಾಗೋದ್ದು ಮೊದಲ ಹಂತದ ಪ್ರಯೋಗ. ಅಳೆದಿದ್ದು ಸುರಕ್ಷತೆ ಮತ್ತು ಡೋಸ್. ಆಯಸ್ಸು ಹೆಚ್ಚುತ್ತದೆಯೇ ಎಂಬುದಕ್ಕೆ, ಅಲ್ಟ್ರಾಸೌಂಡ್ ಇಲ್ಲದೆ ಚಿಕಿತ್ಸೆ ಪಡೆದವರ ಜೊತೆ ಹೋಲಿಸುವ ದೊಡ್ಡ ಪ್ರಯೋಗವೇ ಬೇಕು. ಔಷಧಿ ಅಗ್ಗವಾದರೂ ಸಾಧನ ಕೂರಿಸಲು ನರಶಸ್ತ್ರಚಿಕಿತ್ಸಕರು ಬೇಕು, ಮೂರು ವಾರಕ್ಕೊಮ್ಮೆ ರೋಗಿ ಆಸ್ಪತ್ರೆಗೆ ಬರಬೇಕು.