ಶನಿವಾರ ರಾತ್ರಿಯ ಕಾಲು ಮೈಲಿ

ಅಮೆರಿಕದ ಸ್ಟಾಕ್ ಕಾರ್ ರೇಸಿನ ಚರಿತ್ರೆ ಬರೆಯಲು ಕೂತವರು ಕಳ್ಳಭಟ್ಟಿಯನ್ನು ಮುಟ್ಟದೆ ಮುಂದೆ ಹೋಗುವುದಿಲ್ಲ. ಅಪಲಾಚಿಯನ್ ಗುಡ್ಡಗಳ ಹುಡುಗರು ರಾತ್ರಿ ಹೊತ್ತು ಸಾರಾಯಿ ತುಂಬಿದ ಫೋರ್ಡ್ ಕಾರನ್ನು ಅಬಕಾರಿಯವರ ಕಣ್ಣು ತಪ್ಪಿಸಿ ಓಡಿಸುತ್ತಿದ್ದರು, ಆ ಕೈಚಳಕವೇ ಮುಂದೆ ರೇಸಾಯಿತು ಎನ್ನುವ ಕಥೆ ಅದು. ಅದರಲ್ಲಿ ಹುರುಳಿಲ್ಲವೆಂದಲ್ಲ. ಉತ್ತರ ಕೆರೊಲೈನಾದ ವಿಲ್ಕ್ಸ್ ಕೌಂಟಿಯ ರೇಸು ಚಾಲಕ ಜೂನಿಯರ್ ಜಾನ್ಸನ್ 1956ರಲ್ಲಿ ಭಟ್ಟಿಯ ಹತ್ತಿರ ಸಿಕ್ಕಿಬಿದ್ದು ಜೈಲಿಗೆ ಹೋಗಿ ಬಂದರು. 1965ರಲ್ಲಿ ಟಾಮ್ ವುಲ್ಫ್ ‘ಎಸ್ಕ್ವೈರ್’ ಪತ್ರಿಕೆಗೆ ಬರೆದ ಲೇಖನದಿಂದ ಅವರು ದೇಶಕ್ಕೆಲ್ಲ ಗೊತ್ತಾದರು. 1986ರಲ್ಲಿ ಅಧ್ಯಕ್ಷ ರೇಗನ್ ಕ್ಷಮಾದಾನವನ್ನೂ ಕೊಟ್ಟರು. ಆದರೆ 1949ರ ಜೂನ್ 19ರಂದು ಷಾರ್ಲಟ್‌ನ ಮಣ್ಣಿನ ಟ್ರ್ಯಾಕ್‌ನಲ್ಲಿ ನಾಸ್ಕಾರ್ ಸಂಸ್ಥೆ ತನ್ನ ಮೊದಲ ‘ಅಪ್ಪಟ ಸ್ಟಾಕ್’ ರೇಸು, ಅಂದರೆ ಕಾರ್ಖಾನೆಯಿಂದ ಬಂದಂತೆಯೇ ಇರಬೇಕಾದ ಕಾರುಗಳ ರೇಸು, ನಡೆಸಿದಾಗ ಆದದ್ದೇ ಬೇರೆ. ಮುಂಚೆ ಗುರಿ ಮುಟ್ಟಿದ ಗ್ಲೆನ್ ಡನವೇ ಅವರ ಕಾರನ್ನು ಬಿಚ್ಚಿ ನೋಡಿದಾಗ ಹಿಂದಿನ ಸ್ಪ್ರಿಂಗುಗಳನ್ನು ಕಳ್ಳಸಾಗಣೆಯವರು ಮಾಡುವ ರೀತಿಯಲ್ಲಿ ಬಿಗಿ ಮಾಡಿದ್ದು ಕಂಡಿತು. ಕಾರು ಅನರ್ಹವಾಗಿ, ಗೆಲುವು ಕ್ಯಾನ್ಸಸ್‌ನಿಂದ ಬಂದಿದ್ದ ಜಿಮ್ ರೋಪರ್ ಪಾಲಾಯಿತು. ಸಾರಾಯಿ ಸಾಗಿಸುವವರಿಂದಲೇ ಹುಟ್ಟಿತೆನ್ನುವ ಆಟ ಮೊದಲ ದಿನವೇ ಅವರ ಕಸುಬನ್ನು ಹೊರಗಿಟ್ಟಿತು. ಕಳ್ಳಭಟ್ಟಿಯ ಕಥೆ ಕೆಲವು ಚಾಲಕರು ಎಲ್ಲಿಂದ ಬಂದರೆಂದು ಹೇಳುತ್ತದೆ, ಅಷ್ಟೆ. ಮುಪ್ಪಿನವರೆಗೂ ಜನ ಶನಿವಾರ ತಪ್ಪಿಸದೆ ಅದೇ ಊರಿನ ಅದೇ ಪುಟ್ಟ ಟ್ರ್ಯಾಕ್‌ಗೆ ಯಾಕೆ ಬಂದು ಕೂರುತ್ತಾರೆ ಎನ್ನುವುದಕ್ಕೆ ಅದರಲ್ಲಿ ಉತ್ತರವಿಲ್ಲ. ಆ ಉತ್ತರವನ್ನು ಎರಡು ಕಡೆ ಹುಡುಕಬೇಕು: ನೆಲದಲ್ಲಿ ಮತ್ತು ವಾರದ ದಿನಚರಿಯಲ್ಲಿ.

ನೆಲದ ವಿಷಯ ಮೊದಲು. ಒಂದು ಮೈಲಿಗಿಂತ ಕಡಿಮೆ ಸುತ್ತಿನ ಟ್ರ್ಯಾಕ್‌ಗೆ ಶಾರ್ಟ್ ಟ್ರ್ಯಾಕ್ ಎನ್ನುತ್ತಾರೆ. ಇವುಗಳಲ್ಲಿ ಅರ್ಧ ಮೈಲಿಯವು ಅಷ್ಟೊಂದು ಇರುವುದು ಯಾವ ಎಂಜಿನಿಯರ್ ಲೆಕ್ಕ ಹಾಕಿದ್ದರಿಂದಲೂ ಅಲ್ಲ. ಕೌಂಟಿ ಮೇಳಗಳಲ್ಲಿ ಗಾಡಿ ಕಟ್ಟಿ ಕುದುರೆ ಓಡಿಸುತ್ತಿದ್ದ ಸುತ್ತು ಸಾಮಾನ್ಯವಾಗಿ ಅರ್ಧ ಮೈಲಿಯದು. ಕುದುರೆ ಹೋಗಿ ಕಾರು ಬಂದಾಗ ಮಣ್ಣೂ ಬೇಲಿಯೂ ಮರದ ಮೆಟ್ಟಿಲ ಸಾಲೂ ಇದ್ದಲ್ಲೇ ಇದ್ದವು. ಕನೆಕ್ಟಿಕಟ್‌ನ ಸ್ಟಾಫರ್ಡ್‌ನಲ್ಲಿ ಕೃಷಿ ಮೇಳ 1870ರಲ್ಲಿ ಶುರುವಾಯಿತು; ಇಂದು ಅಲ್ಲಿ ಓಡುವುದು ಕಾರು. ಅಯೋವದ ನಾಕ್ಸ್‌ವಿಲ್ ಟ್ರ್ಯಾಕ್ ಈಗಲೂ ಮೇರಿಯನ್ ಕೌಂಟಿಯ ಮೇಳದ ಮೈದಾನದಲ್ಲೇ ಇದೆ. 1930ರ ದಶಕದಲ್ಲಿ ‘ಮಿಜೆಟ್’ ಎಂಬ ಕುಳ್ಳ ಕಾರುಗಳ ಹುಚ್ಚು ಹತ್ತಿದಾಗ ಕ್ರೀಡಾಂಗಣಗಳೂ ರೇಸಿಗೆ ತೆರೆದುಕೊಂಡವು. 1934ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಗಿಲ್ಮೋರ್ ಸ್ಟೇಡಿಯಂ ಬಂತು. 1938ರ ಚಂಡಮಾರುತ ಕನೆಕ್ಟಿಕಟ್‌ನ ಥಾಂಪ್ಸನ್‌ನಲ್ಲಿ ಜಾನ್ ಹೋನಿಗ್ ಎಂಬವರ ಹೊಲವನ್ನು ಹಾಳುಮಾಡಿತ್ತು. ಅದೇ ಜಾಗದಲ್ಲಿ ಅವರು 1940ರಲ್ಲಿ ಡಾಂಬರು ಹಾಕಿದ ಟ್ರ್ಯಾಕ್ ತೆರೆದರು. ಯುದ್ಧ ಬಂದು, ಪೆಟ್ರೋಲ್ ಮತ್ತು ರಬ್ಬರ್ ಉಳಿಸಲೆಂದು 1942ರಲ್ಲಿ ಸರ್ಕಾರ ಕಾರು ರೇಸು ನಿಲ್ಲಿಸಿತು. 1945ರ ನಂತರ ಯಂತ್ರ ಬಿಚ್ಚಿ ಕೂಡಿಸುವುದನ್ನು ಸೈನ್ಯದಲ್ಲಿ ಕಲಿತ ಹುಡುಗರೂ ಯುದ್ಧಕ್ಕೆ ಮುಂಚಿನ ಅಗ್ಗದ ಹಳೆ ಕಾರುಗಳೂ ಒಟ್ಟಿಗೆ ಊರು ತುಂಬಿದವು. ವರ್ಜೀನಿಯಾದ ಮಾರ್ಟಿನ್ಸ್‌ವಿಲ್, ಉತ್ತರ ಕೆರೊಲೈನಾದ ನಾರ್ತ್ ವಿಲ್ಕ್ಸ್‌ಬರೋ ಎರಡೂ ಟ್ರ್ಯಾಕ್ ತೆರೆದದ್ದು 1947ರಲ್ಲಿ. ನಾಸ್ಕಾರ್ ನೋಂದಣಿಯಾಗಿದ್ದು 1948ರ ಫೆಬ್ರವರಿಯಲ್ಲಿ.

ಇನ್ನು ವಾರದ ದಿನಚರಿ. ಹತ್ತಿಗಿರಣಿಯಲ್ಲೋ ಗ್ಯಾರೇಜಿನಲ್ಲೋ ದುಡಿಯುವವನಿಗೆ ದೂರದ ಊರಿಗೆ ಹೋಗಿ ರೇಸು ಮಾಡಲು ರಜೆಯೂ ಇಲ್ಲ, ದುಡ್ಡೂ ಇಲ್ಲ. ಮನೆಯಿಂದ ಅರ್ಧ ಗಂಟೆ ದೂರದಲ್ಲಿ ಶನಿವಾರ ಸಂಜೆ ದೀಪ ಹಾಕಿದರೆ ಮಾತ್ರ ಅವನು ಚಾಲಕನಾಗಬಲ್ಲ. ಕಾರು ನುಜ್ಜುಗುಜ್ಜಾದರೆ ಸರಿಮಾಡಿಕೊಳ್ಳಲು ಮುಂದಿನ ಶನಿವಾರದವರೆಗಿನ ಸಂಜೆಗಳಿವೆ. ಜಾಣತನವೆಲ್ಲ ಹುಟ್ಟಿದ್ದು ಆ ಸಂಜೆಗಳಲ್ಲಿ. ‘ಸ್ಟ್ಯಾಗರ್’ ಎನ್ನುವುದನ್ನೇ ನೋಡಿ. ಇಲ್ಲಿ ಕಾರು ತಿರುಗುವುದು ಎಡಕ್ಕೆ ಮಾತ್ರ. ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಉರುಳಬೇಕು; ಹಿಂದಿನ ಎರಡು ಚಕ್ರಗಳೂ ಒಂದೇ ಅಚ್ಚಿಗೆ ಬಿಗಿದಿದ್ದರೆ ತಿರುವಿನಲ್ಲಿ ಒಂದು ಇನ್ನೊಂದನ್ನು ಎಳೆದಾಡುತ್ತದೆ. ಬಲಗಡೆಯ ಹಿಂದಿನ ಟಯರಿನ ಸುತ್ತಳತೆ ಎಡಗಡೆಯದಕ್ಕಿಂತ ಒಂದೆರಡು ಇಂಚು ಹೆಚ್ಚಿದ್ದರೆ ಕಾರು ತಾನಾಗಿಯೇ ಎಡಕ್ಕೆ ಬಾಗುತ್ತದೆ. ಹಾಗಾಗಿ ಪಿಟ್‌ನಲ್ಲಿ ಟೇಪು ಹಿಡಿದು ಟಯರಿನ ಸುತ್ತಳತೆ ನೋಡುವ ಒಬ್ಬ ಹುಡುಗ ಇದ್ದೇ ಇರುತ್ತಾನೆ. ಈ ಉಪಾಯ ಬಳಕೆಗೆ ಬಂದ ಕೀರ್ತಿಯನ್ನು ಉತ್ತರ ಕೆರೊಲೈನಾದ ಕನ್ನಾಪೊಲಿಸ್‌ನ ರಾಲ್ಫ್ ಅರ್ನ್‌ಹಾರ್ಟ್ ಅವರಿಗೆ ಕೊಡುವುದು ರೂಢಿ. 1956ರಲ್ಲಿ ನಾಸ್ಕಾರ್‌ನ ಸ್ಪೋರ್ಟ್ಸ್‌ಮನ್ ವಿಭಾಗದ ಚಾಂಪಿಯನ್ ಆದ ಅವರು ಮನೆಯ ಹಿಂದಿನ ಗ್ಯಾರೇಜಿನಲ್ಲಿ ಕಾರು ಕಟ್ಟಿ, ಹೆಚ್ಚಾಗಿ ಸುತ್ತಮುತ್ತಲ ಟ್ರ್ಯಾಕ್‌ಗಳಲ್ಲೇ ಓಡಿಸಿದವರು. ಮುಂದೆ ದೊಡ್ಡ ಚಾಲಕನಾದ ಮಗ ಡೇಲ್ ಹೆಸರು ಗೊತ್ತಿದ್ದಷ್ಟು ಜನಕ್ಕೆ ಅಪ್ಪನದು ಗೊತ್ತಿಲ್ಲ.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ: ಊರಿನ ರೇಸು ದೊಡ್ಡ ರೇಸಿಗೆ ಹತ್ತುವ ಏಣಿ, ಏಣಿಯ ಮೇಲೆ ಯಾರಿಗೆ ಪ್ರೀತಿ? ಏಣಿ ಹತ್ತಿ ಹೋದವರು ಇದ್ದಾರೆ. ಆದರೆ ನ್ಯೂಯಾರ್ಕ್ ರಾಜ್ಯದ ರೋಮ್ ಪಟ್ಟಣದ ರಿಚಿ ಇವಾನ್ಸ್ ‘ಮಾಡಿಫೈಡ್’ ಎಂಬ ಮಾರ್ಪಡಿಸಿದ ಕಾರುಗಳ ವಿಭಾಗದಲ್ಲಿ ಒಂಬತ್ತು ಸಲ ಚಾಂಪಿಯನ್ ಆಗಿಯೂ ಮಾಡಿಫೈಡ್ ಬಿಟ್ಟು ಹೋಗಲಿಲ್ಲ. 1985ರಲ್ಲಿ ಮಾರ್ಟಿನ್ಸ್‌ವಿಲ್‌ನಲ್ಲಿ ಅಭ್ಯಾಸ ಮಾಡುವಾಗಲೇ ತೀರಿಕೊಂಡರು. ಇನ್ನೂ ಗಟ್ಟಿಯಾದ ಉತ್ತರ ಒಂದೇ ರಾಜ್ಯದ ಎರಡು ಟ್ರ್ಯಾಕ್‌ಗಳ ಹಣೆಬರಹದಲ್ಲಿದೆ. ಉತ್ತರ ಕೆರೊಲೈನಾದ ವಿನ್‌ಸ್ಟನ್-ಸೇಲಂನ ಬೋಮನ್ ಗ್ರೇ ಮೂಲತಃ ಫುಟ್‌ಬಾಲ್ ಸ್ಟೇಡಿಯಂ. ಮಹಾಕುಸಿತದ ಕಾಲದಲ್ಲಿ, 1937-38ರಲ್ಲಿ, ಉದ್ಯೋಗ ಕೊಡುವ ಸರ್ಕಾರಿ ಯೋಜನೆಯಡಿ ಕಟ್ಟಿದ್ದು. ಮೈದಾನದ ಸುತ್ತ ಒಂದಿಷ್ಟೂ ವಾಲದ ಕಾಲು ಮೈಲಿ ಡಾಂಬರು. ನಾಸ್ಕಾರ್ ಕಟ್ಟಿದ ಬಿಲ್ ಫ್ರಾನ್ಸ್ ಮತ್ತು ಆಲ್ವಿನ್ ಹಾಕಿನ್ಸ್ 1949ರಲ್ಲಿ ಇಲ್ಲಿ ನಾಸ್ಕಾರ್‌ನ ವಾರದ ರೇಸು ಶುರುಮಾಡಿದರು. 1958ರಿಂದ ನಾಸ್ಕಾರ್‌ನ ದೊಡ್ಡ ಸರಣಿಯೂ ಇಲ್ಲಿಗೆ ಬರುತ್ತಿತ್ತು. ರಿಚರ್ಡ್ ಪೆಟ್ಟಿ ತಮ್ಮ ನೂರನೇ ಗೆಲುವು ಪಡೆದದ್ದು ಇಲ್ಲೇ, 1969ರಲ್ಲಿ. 1971ರಲ್ಲಿ ಆರ್. ಜೆ. ರೆನಾಲ್ಡ್ಸ್ ತಂಬಾಕು ಕಂಪನಿಯ ವಿನ್‌ಸ್ಟನ್ ಸಿಗರೇಟು ಸರಣಿಯ ಪ್ರಾಯೋಜಕವಾಯಿತು. ಮರುವರ್ಷ 250 ಮೈಲಿಗಿಂತ ಚಿಕ್ಕ ರೇಸುಗಳಿಗೆಲ್ಲ ಕತ್ತರಿ ಬಿತ್ತು; 48 ಇದ್ದದ್ದು 31ಕ್ಕೆ ಇಳಿಯಿತು. ಸ್ಟೇಡಿಯಂ ಯಾರ ಹೆಸರು ಹೊತ್ತಿದೆಯೋ ಆ ಬೋಮನ್ ಗ್ರೇ ಅದೇ ರೆನಾಲ್ಡ್ಸ್ ಕಂಪನಿಯ ಮುಖ್ಯಸ್ಥರಾಗಿದ್ದವರು. ಕಂಪನಿಯ ದುಡ್ಡು ಬಂದ ಮೇಲೆ, ಅದರ ಯಜಮಾನನ ಹೆಸರಿನ ಟ್ರ್ಯಾಕೇ ಸರಣಿಯಿಂದ ಎತ್ತಂಗಡಿಯಾಯಿತು.

ಅದರಿಂದ ಬೋಮನ್ ಗ್ರೇ ಮುಚ್ಚಲಿಲ್ಲ. ಶನಿವಾರಗಳು ನಡೆದೇ ಇದ್ದವು. ಕೊರೊನಾದ 2020 ಬಿಟ್ಟರೆ ಇಂದಿಗೂ ನಡೆದಿವೆ. ಈಗ ಮಾಡಿಫೈಡ್ ಓಡಿಸುವ ಬರ್ಟ್ ಮೈಯರ್ಸ್ ಅವರ ಅಜ್ಜ ಬಿಲ್ಲಿ ಮೈಯರ್ಸ್ 1958ರಲ್ಲಿ ಇದೇ ಟ್ರ್ಯಾಕ್‌ನಲ್ಲಿ ಕಾರು ಓಡಿಸುತ್ತಿದ್ದಾಗ ಹೃದಯಾಘಾತದಿಂದ ತೀರಿಕೊಂಡವರು. ಮೊಮ್ಮಗನಿಗೆ ಕೂಗಿ ಬಯ್ಯುವ ಪ್ರೇಕ್ಷಕರ ಪೈಕಿ ಅಜ್ಜನಿಗೆ ಬೈದವರ ಮೊಮ್ಮಕ್ಕಳೂ ಇರಲಾರರೆಂದು ಹೇಳಲಾಗದು. ವಾರದ ಸಂತೆಯಲ್ಲಿ ಹೇಗೋ ಹಾಗೆ, ಬಂದವರಿಗೆ ಎದುರು ಕೂತವನ ವಂಶಾವಳಿಯೇ ಗೊತ್ತು. ನೂರು ಕಿಲೋಮೀಟರಿಗಿಂತ ಕಡಿಮೆ ದೂರದ ನಾರ್ತ್ ವಿಲ್ಕ್ಸ್‌ಬರೋಗೆ, ಅಂದರೆ ಜೂನಿಯರ್ ಜಾನ್ಸನ್ ಅವರ ಊರುಗಡೆಗೆ, 1972ರ ಕತ್ತರಿ ತಾಗಲಿಲ್ಲ. ಅಲ್ಲಿ ವರ್ಷಕ್ಕೆರಡು ದೊಡ್ಡ ರೇಸು, ಟಿವಿ, ಖ್ಯಾತಿ ಎಲ್ಲ ಇತ್ತು. 1995-96ರಲ್ಲಿ ಇಬ್ಬರು ಉದ್ಯಮಿಗಳು ಅರ್ಧರ್ಧ ಪಾಲು ಕೊಂಡು, ಆ ಎರಡು ದಿನಾಂಕಗಳನ್ನು ಟೆಕ್ಸಸ್ ಮತ್ತು ನ್ಯೂ ಹ್ಯಾಂಪ್‌ಶೈರ್‌ನ ತಮ್ಮ ಟ್ರ್ಯಾಕ್‌ಗಳಿಗೆ ಒಯ್ದರು. 1996ರ ಸೆಪ್ಟೆಂಬರ್ 29ರಂದು ಜೆಫ್ ಗಾರ್ಡನ್ ಗೆದ್ದ ಮೇಲೆ ಗೇಟಿಗೆ ಬೀಗ ಬಿತ್ತು, ಗ್ರ್ಯಾಂಡ್‌ಸ್ಟ್ಯಾಂಡಿನಲ್ಲಿ ಕಳೆ ಬೆಳೆಯಿತು. ಕಳ್ಳಭಟ್ಟಿಯ ತವರೇ ಆದರೂ ಆ ಪುರಾಣ ಟ್ರ್ಯಾಕನ್ನು ಉಳಿಸಲಿಲ್ಲ. ದಿನಾಂಕವನ್ನು ಹೊತ್ತೊಯ್ಯಬಹುದು, ಶನಿವಾರವನ್ನು ಹೊತ್ತೊಯ್ಯಲು ಯಾರಿಗೂ ಆಗದು.

ಹಾಗಾದರೆ ವಾರದ ರೇಸು ನಡೆಸಿದ ಟ್ರ್ಯಾಕ್‌ಗಳೆಲ್ಲ ಉಳಿದವೇ ಎಂದು ಕೇಳಬಹುದು. ಉಳಿಯಲಿಲ್ಲ. ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡಿನ ಐಸ್ಲಿಪ್ ಮೈಲಿಯ ಐದನೇ ಒಂದು ಭಾಗದಷ್ಟು ಪುಟ್ಟ ಟ್ರ್ಯಾಕ್, 1984ರಲ್ಲಿ ಮುಚ್ಚಿತು. ಆ ದ್ವೀಪದಲ್ಲಿ ಈಗ ಉಳಿದಿರುವುದು ರಿವರ್‌ಹೆಡ್ ಒಂದೇ. ಲಾಸ್ ಏಂಜಲೀಸ್ ಬಳಿಯ ಆಸ್ಕಾಟ್ ಪಾರ್ಕ್ 1990ರಲ್ಲಿ ಹೋಯಿತು. ಗಿಲ್ಮೋರ್ ಇದ್ದ ಜಾಗದಲ್ಲಿ ಸಿಬಿಎಸ್ ಟಿವಿಯ ಸ್ಟುಡಿಯೋ ಎದ್ದಿತು. ಇವುಗಳಲ್ಲಿ ಬಹುಪಾಲು ಬೆಳೆಯುತ್ತಿದ್ದ ನಗರದ ನಡುವೆ ಸಿಕ್ಕಿಕೊಂಡ ಖಾಸಗಿ ನೆಲ. ಜನ ಬರುವುದು ನಿಂತದ್ದರಿಂದ ಟ್ರ್ಯಾಕ್ ಮುಚ್ಚಿತು ಎನ್ನುವ ಸುಲಭದ ವಿವರಣೆಗೆ ಈ ನಕ್ಷೆ ಹೊಂದುವುದಿಲ್ಲ. ಬೋಮನ್ ಗ್ರೇ ಸಾರ್ವಜನಿಕ ಹಣದಲ್ಲಿ ಎದ್ದ ಸ್ಟೇಡಿಯಂ. ಅಲ್ಲಿ ಫುಟ್‌ಬಾಲೂ ಆಡುತ್ತಾರೆ. ನಾಕ್ಸ್‌ವಿಲ್‌ನದು ಮೇಳದ ಮೈದಾನ. ವರ್ಷವಿಡೀ ರೇಸಿನಿಂದಲೇ ಹೊಟ್ಟೆ ಹೊರೆಯಬೇಕಾದ ಹಂಗಿಲ್ಲದ ನೆಲದಲ್ಲಿ ಶನಿವಾರ ಬಾಳಿಕೆ ಬಂತು. ಮಾರ್ಟಿನ್ಸ್‌ವಿಲ್ ದೊಡ್ಡ ರೇಸಿನ ಬಲದಿಂದಲೇ ಉಳಿದಿದೆ ನಿಜ. ಆದರೆ 2004ರಲ್ಲಿ ಅದನ್ನು ಕೊಂಡದ್ದು ನಾಸ್ಕಾರ್ ನಡೆಸುವ ಫ್ರಾನ್ಸ್ ಮನೆತನದ ಕಂಪನಿ. ಆ ಅದೃಷ್ಟ ಎಲ್ಲ ಊರಿಗೂ ಇರುವುದಿಲ್ಲ.

ಇದಕ್ಕಿಂತ ಕಠಿಣವಾದ ಆಕ್ಷೇಪ, ಈ ‘ಊರು’ ಯಾರ ಊರು ಎನ್ನುವುದು. ಕಪ್ಪು ಜನಾಂಗದ ವೆಂಡೆಲ್ ಸ್ಕಾಟ್ 1952ರಲ್ಲಿ ವರ್ಜೀನಿಯಾದ ಡ್ಯಾನ್‌ವಿಲ್‌ನ ಮೇಳದ ಮೈದಾನದಲ್ಲಿ ರೇಸಿಗಿಳಿದರು. ಕಾರು ಎಳೆದುಕೊಂಡು ಇದೇ ವಿನ್‌ಸ್ಟನ್-ಸೇಲಂನ ನಾಸ್ಕಾರ್ ರೇಸಿಗೆ ಹೋದಾಗ ಬಣ್ಣ ನೋಡಿ ವಾಪಸು ಕಳಿಸಿದರು. 1963ರ ಡಿಸೆಂಬರ್ 1ರಂದು ಫ್ಲಾರಿಡಾದ ಜ್ಯಾಕ್ಸನ್‌ವಿಲ್‌ನ ಅರ್ಧ ಮೈಲಿ ಮಣ್ಣಿನ ಟ್ರ್ಯಾಕ್‌ನಲ್ಲಿ ಗೆದ್ದದ್ದು ಅವರೇ. ಗೆಲುವು ಘೋಷಿಸಿದ್ದು ಬಕ್ ಬೇಕರ್ ಹೆಸರಿಗೆ. ಪ್ರೇಕ್ಷಕರು ಮನೆಗೆ ಹೋದ ಮೇಲೆ ತಪ್ಪು ತಿದ್ದಿದರು. ಮಂದಿ ಒಬ್ಬರನ್ನೊಬ್ಬರು ಬಲ್ಲ ಜಾಗದಲ್ಲಿ ಯಾರನ್ನು ಒಳಗೆ ಬಿಡಬಾರದೆನ್ನುವುದೂ ಎಲ್ಲರಿಗೂ ಗೊತ್ತಿರುತ್ತದೆ. ಇದನ್ನು ಮುಚ್ಚಿಟ್ಟು ಶಾರ್ಟ್ ಟ್ರ್ಯಾಕ್‌ನ ಗುಣಗಾನ ಮಾಡುವುದರಲ್ಲಿ ಅರ್ಥವಿಲ್ಲ. ಆದರೂ ಸ್ಕಾಟ್ ಚಾಲಕರಾಗಿ ಕುದುರಿದ್ದು ಅದೇ ವಾರದ ರೇಸುಗಳಲ್ಲಿ: 1959ರಲ್ಲಿ ಅವರು ವರ್ಜೀನಿಯಾ ರಾಜ್ಯದ ಸ್ಪೋರ್ಟ್ಸ್‌ಮನ್ ಚಾಂಪಿಯನ್. ವಾರವಾರವೂ ಕಣ್ಣೆದುರು ಗೆಲ್ಲುವವನನ್ನು ಇಲ್ಲವೆನ್ನಲು ಕಷ್ಟವಾಗುತ್ತಿತ್ತೇ ಹೊರತು, ಊರಿನ ಮನಸ್ಸು ತಾನಾಗಿ ಕರಗಿತೆಂದು ನನಗನಿಸುವುದಿಲ್ಲ.

ಈಗ ಗಾಳಿ ಮತ್ತೆ ತಿರುಗಿದೆ. ಉತ್ತರ ಕೆರೊಲೈನಾ ಸರ್ಕಾರ ಕೊರೊನಾ ಪರಿಹಾರದ ಕೇಂದ್ರ ಹಣದಲ್ಲಿ 1.8 ಕೋಟಿ ಡಾಲರ್ ಕೊಟ್ಟು ನಾರ್ತ್ ವಿಲ್ಕ್ಸ್‌ಬರೋವನ್ನು ಎಬ್ಬಿಸಿತು. 2023ರಲ್ಲಿ ನಾಸ್ಕಾರ್‌ನ ಆಲ್-ಸ್ಟಾರ್ ರೇಸು ಅಲ್ಲಿ ನಡೆದು ಕೈಲ್ ಲಾರ್ಸನ್ ಗೆದ್ದರು. 2024ರಲ್ಲಿ ಬೋಮನ್ ಗ್ರೇ ರೇಸಿನ ಗುತ್ತಿಗೆ ನಾಸ್ಕಾರ್ ಕೈಗೇ ಬಂತು. 1971ರಲ್ಲಿ ಬಿಟ್ಟುಹೋದ ದೊಡ್ಡ ಕಾರುಗಳು 2025ರ ಫೆಬ್ರವರಿಯಲ್ಲಿ ‘ಕ್ಲ್ಯಾಶ್’ ರೇಸಿಗೆ ಅದೇ ಕಾಲು ಮೈಲಿಗೆ ಮರಳಿದವು. ಬರ್ಟ್ ಮೈಯರ್ಸ್, ಟಿಮ್ ಬ್ರೌನ್ ಎಂಬ ಶನಿವಾರದ ಚಾಲಕರಿಬ್ಬರು ಅರ್ಹತಾ ಸುತ್ತುಗಳಲ್ಲಿ ಆ ಕಾರುಗಳ ನಡುವೆಯೇ ಓಡಿದರು, ಚೇಸ್ ಎಲಿಯಟ್ ಗೆದ್ದರು. ಹಬ್ಬ ಚೆನ್ನಾಗಿಯೇ ಆಯಿತು. ಆದರೆ ನಾರ್ತ್ ವಿಲ್ಕ್ಸ್‌ಬರೋದ ಪುನರ್ಜನ್ಮ ಮತ್ತೆ ಕ್ಯಾಲೆಂಡರಿನ ದೊಡ್ಡ ದಿನಾಂಕವನ್ನೇ ನೆಚ್ಚಿಕೊಂಡಿದೆ, ಅಲ್ಲಿನ ಜನ ಅದರ ಪರಿಣಾಮವನ್ನು ಒಮ್ಮೆ ಕಂಡವರು. ಬೋಮನ್ ಗ್ರೇಯಲ್ಲಿ ಲೆಕ್ಕಕ್ಕೆ ಬರುವುದು ಕ್ಲ್ಯಾಶ್ ಮುಗಿದ ಮೇಲೆ ಏಪ್ರಿಲ್‌ನಲ್ಲಿ ಶುರುವಾಗುವ ಮಾಮೂಲಿ ಶನಿವಾರಗಳು. ಹೊಸ ಗುತ್ತಿಗೆದಾರರು ಆ ಶನಿವಾರಗಳ ಟಿಕೆಟನ್ನು ಗಿರಣಿ ಕೆಲಸದವನ ಕೈಗೆಟುಕುವಂತೆ ಇಡುತ್ತಾರೋ ಇಲ್ಲವೋ ಎನ್ನುವುದೇ ಈಗಿರುವ ಪ್ರಶ್ನೆ.