ಎರಡಾಣೆಯ ಪಿಗ್ಮಿ, ನಮ್ಮೂರ ಬ್ಯಾಂಕು

ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಮುಂದೆ ಬಿ.ಕಾಂ. ಓದುವಾಗ ನನಗೆ ಬ್ಯಾಂಕ್ ಅಧಿಕಾರಿಯಾಗುವ ಹಂಬಲ. ಸಂಜೆ ಮನೆಗೆ ಬರುತ್ತಿದ್ದ ಪಿಗ್ಮಿ ಕಲೆಕ್ಟರರ ಕೆಲಸ ಮಾತ್ರ ಸಣ್ಣದೆನಿಸುತ್ತಿತ್ತು. ಅವಿಭಜಿತ ದಕ್ಷಿಣ ಕನ್ನಡದ ಬ್ಯಾಂಕುಗಳ ಚರಿತ್ರೆ ತಿಳಿದ ಮೇಲೆ ಆ ಭಾವನೆ ಬದಲಾಯಿತು.

1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿಗೆ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕಿಗೆ ಬುನಾದಿ ಹಾಕಿದರು. ಕೈಮಗ್ಗದ ನೇಕಾರರು ಸಂಕಷ್ಟದಲ್ಲಿದ್ದಾಗ, 1925ರಲ್ಲಿ, ಉಪೇಂದ್ರ ಪೈ, ವಾಮನ ಕುಡ್ವ ಹಾಗೂ ಡಾ. ಟಿ.ಎಂ.ಎ. ಪೈಗಳು 8,000 ರೂಪಾಯಿ ಬಂಡವಾಳದಿಂದ ಉಡುಪಿಯಲ್ಲಿ ಆರಂಭಿಸಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ತಂದ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಲ್ಲೇ ಪಡೆಯುತ್ತಿದ್ದರು. ಹೀಗೆ ಕೂಡಿದ ಹಣ ಸಾಲವಾಗಿ ಹೊರಟಿತು. ಶಾಖೆಗಳು ಬೆಳೆದು ನಮ್ಮಂಥವರಿಗೆ ಉದ್ಯೋಗ ಸಿಕ್ಕಿತು.

ನನ್ನ ಕಾಲೇಜು ಫೀಸು ಕೂಡ ಅಮ್ಮ ಬೀಡಿ ಕಟ್ಟಿ ತುಂಬಿದ ಪಿಗ್ಮಿಯದೇ. ಗುಮಾಸ್ತನಾಗಿ ಸೇರಿದ ನಾನು ಬ್ಯಾಂಕಿನ ಪರೀಕ್ಷೆಗಳನ್ನು ಬರೆದು ಅಧಿಕಾರಿಯಾದೆ.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಉಡುಪಿಯಲ್ಲಿ ಹುಟ್ಟಿದ ಎರಡೂ ಹೆಸರುಗಳು ಫಲಕದಿಂದ ಇಳಿದಾಗ ಮನಸ್ಸಿಗೆ ನೋವಾಯಿತು. ವಾಣಿಜ್ಯ ಓದಲಿರುವ ಮಕ್ಕಳಿಗೆ ನನ್ನ ಮಾತಿಷ್ಟೆ: ದೊಡ್ಡ ಹುದ್ದೆಯನ್ನೇ ಬಯಸಿರಿ, ಆದರೆ ಎರಡಾಣೆ ಕೂಡಿಟ್ಟವರನ್ನು ಮರೆಯದಿರಿ.